ಬಾಯಿ ತೆರೆಸುವ ಕೆಲಸ

ಭಟ್ಕಳದಿಂದ ಕುಮಟೆಯವರೆಗೆ ಯಾವ ಮಗು ನಕ್ಕರೂ ಹಲ್ಲು ಹೊಳೆಯುವುದು ನನ್ನ ಕೈಗುಣದಿಂದ. ಇದು ಶುದ್ಧ ಸುಳ್ಳು. ಆ ಮಕ್ಕಳ ಅಜ್ಜಿಯರು ಕಿವಿ ಹಿಂಡಿ ತಿಕ್ಕಿಸುತ್ತಾರೆ, ನನ್ನದು ಬರೀ ಬಾಯಿಮಾತು. ಆದರೆ ಆ ಬಾಯಿಮಾತಿಗೇ ಎಷ್ಟು ಫಜೀತಿಗಳಾಗುತ್ತವೆ ಅಂದರೆ, ಒಂದೂ ಆಗದೆ ಸಂಜೆಯಾದರೆ ನನಗೇ ಮೈ ಸರಿಯಿಲ್ಲವೇನೋ ಅನ್ನಿಸುತ್ತದೆ.

ನಮ್ಮದು ಊರೂರು ತಿರುಗುವ ಹಲ್ಲಿನ ಗಾಡಿ. ಡಾಕ್ಟರಮ್ಮ ಬಾಯಿ ನೋಡುತ್ತಾರೆ. ಅದಕ್ಕೆ ಮೊದಲು ಸಣ್ಣ ಮಕ್ಕಳನ್ನು ಕೂರಿಸಿಕೊಂಡು, ಕುಂಬಳಕಾಯಿ ಗಾತ್ರದ ಪ್ಲಾಸ್ಟಿಕ್ ದವಡೆಯನ್ನು ಮೊಳದುದ್ದದ ಬ್ರಶ್ಶಿನಿಂದ ತಿಕ್ಕಿ ತೋರಿಸುವವನು ನಾನು. ಡಾಕ್ಟರಮ್ಮ ಹೊಸಬರು. ಬಂದ ವಾರವೇ ಹುಳುಕು ಹಲ್ಲಿನ ದೊಡ್ಡ ಚಿತ್ರವೊಂದನ್ನು ತಂದು, "ಇದನ್ನು ತೋರಿಸಿ. ಮಕ್ಕಳು ಹೆದರಬೇಕು. ನಿಮ್ಮ ಕಥೆ, ಕುಶಾಲು ಸಾಕು" ಅಂದರು.

ತೋರಿಸಿದೆ. ಮಕ್ಕಳು ಹೆದರಿದರು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡವರು, ಡಾಕ್ಟರಮ್ಮ ಎಷ್ಟು ಅಂಗಲಾಚಿದರೂ ತೆರೆಯಲಿಲ್ಲ. ಮರುದಿನವೇ ಆ ಚಿತ್ರವನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಿದೆ. ಹೆದರಿಸುವ ಕೆಲಸ ನನ್ನಿಂದ ಆಗದು. ಯಾರು ಹೇಳಿದರೂ ಆಗದು.

ಪಂಕ್ತಿ ಎದ್ದಿಲ್ಲ

ಶಿರಾಲಿ ಕಡೆಯ ಅಂಗನವಾಡಿಯಲ್ಲಿ ನಮ್ಮದು ಎರಡು ದಿನದ ಶಿಬಿರ. ಮೊದಲ ದಿನ ಕಥೆ ಹೇಳಿದೆ. "ರಾತ್ರಿ ಹಲ್ಲು ತಿಕ್ಕದೆ ಮಲಗಿದ್ರೆ ಎಂತ ಆಗ್ತದೆ ಗೊತ್ತಿದ್ಯಾ? ಹುಳಗಳು ನಿಮ್ಮ ಬಾಯಲ್ಲಿ ಮದುವೆ ಮಾಡ್ತವೆ. ಚಪ್ಪರ, ವಾಲಗ, ನಾಲಿಗೆ ಮೇಲೆ ಬಾಳೆಲೆ ಹಾಕಿ ಊಟ!" ಮಕ್ಕಳು ಕೇಕೆ ಹಾಕಿದರು.

ಮರುದಿನ ಒಬ್ಬ ತಾಯಿ ಮಗಳ ರಟ್ಟೆ ಹಿಡಿದು ಡಾಕ್ಟರಮ್ಮನ ಮುಂದೆ ನಿಲ್ಲಿಸಿದರು. "ಬೆಳಿಗ್ಗೆಯಿಂದ ಬ್ರಶ್ ಮುಟ್ಟೂದಿಲ್ಲ, ಬಾಯಿ ಮುಕ್ಕಳಿಸೂದಿಲ್ಲ. ಎಂತ ಕಲಿಸಿದ್ರಿ ನೀವು?"

ನಾನು ಬಗ್ಗಿ ಕೇಳಿದೆ, "ಎಂತಕ್ಕೆ ಮಗಾ?"

ಹುಡುಗಿ ತುಟಿ ಸ್ವಲ್ಪವೇ ಬಿಚ್ಚಿ, ಬಾಯೊಳಗಿದ್ದವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು. "ಪಂಕ್ತಿ ಇನ್ನೂ ಎದ್ದಿಲ್ಲ ಮಾಮ. ಉಣ್ಣೋರ ಮೇಲೆ ನೀರು ಹೊಯ್ಯುಕೆ ಆಗ್ತದಾ?"

ಡಾಕ್ಟರಮ್ಮ ನನ್ನನ್ನು ಸುಡುವ ಹಾಗೆ ನೋಡಿದರು. ನಾನು ಬಿಡಲಿಲ್ಲ. "ಪಾಯಸ ಆತು, ಮಜ್ಜಿಗೆ ಆತು, ಎಲ್ಲ ಎದ್ರು ನೋಡು" ಅಂತ ಬ್ರಶ್ ಕೈಗಿತ್ತೆ. ಹುಡುಗಿ ಚೆನ್ನಾಗಿ ತಿಕ್ಕಿ, ಮುಕ್ಕಳಿಸಿ, ಉಗಿದು, ಉಗಿದದ್ದನ್ನೇ ನೋಡುತ್ತಾ ಬೇಜಾರಿನಲ್ಲಿ ಅಂದಳು: "ಪಾಪ, ಎಲೆಯಡಿಕೆ ಕವಳವೇ ಕೊಡ್ಲಿಲ್ಲ."

ಹಂಚಿನ ಮಾಡು ಬೇಕು

ಮುಟ್ಟಳ್ಳಿ ಶಾಲೆಯಲ್ಲಿ ಡಾಕ್ಟರಮ್ಮ ಒಬ್ಬನ ಅಲುಗಾಡುವ ಹಾಲುಹಲ್ಲು ಕಿತ್ತರು. ಅದನ್ನು ಟ್ರೇಯಿಂದ ಕಸದ ಬಕೆಟ್ಟಿಗೆ ಹಾಕಲು ಹೊರಟದ್ದೇ ತಡ, ಇಡೀ ತರಗತಿ ಎದ್ದು ನಿಂತಿತು. "ಮಾಡಿನ ಮೇಲೆ ಬಿಸಾಡ್ಬೇಕು! ಇಲ್ಲದಿದ್ರೆ ಹೊಸದು ಹುಟ್ಟೂದಿಲ್ಲ!"

"ಹಾಗೆಲ್ಲ ಏನೂ ಇಲ್ಲ, ಕೂತ್ಕೊಳ್ಳಿ" ಅಂದರು ಡಾಕ್ಟರಮ್ಮ.

ಹಲ್ಲಿನ ಒಡೆಯ ಬೊಬ್ಬೆ ಹಾಕಿದ. ನಾನು ಟ್ರೇಯಿಂದ ಹಲ್ಲು ಎತ್ತಿಕೊಂಡು ಅಂಗಳಕ್ಕಿಳಿದೆ. ಶಾಲೆಯ ಛಾವಣಿ ಕಾಂಕ್ರೀಟ್ ಸ್ಲ್ಯಾಬ್. "ಇದರ ಮೇಲೇ ಒಗೆಯಲಾ?" ಅಂದೆ.

"ಬೇಡ ಮಾಮ, ಸಿಮೆಂಟಿನ ಹಲ್ಲು ಬರ್ತದೆ!"

ಆಗ ಹಂಚಿನ ಮನೆ ಹುಡುಕಿಕೊಂಡು ಮೆರವಣಿಗೆ ಹೊರಟಿತು. ಮುಂದೆ ನಾನು, ಹಿಂದೆ ಮಕ್ಕಳು, ಅವರ ಹಿಂದೆ ಪಾಠ ಹೇಳುವ ಅಕ್ಕೋರು. ನಾನು ಒಗೆದ ಹಲ್ಲು ಹಂಚಿನಿಂದ ಉರುಳಿ, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಜ್ಜಿಯ ಚಾಪೆಗೇ ಬಿತ್ತು. ಅಜ್ಜಿ ಬೈಯಲಿಲ್ಲ. ಸೀರೆ ಎತ್ತಿಕಟ್ಟಿ, ನನಗಿಂತ ಚೆನ್ನಾಗಿ ಒಗೆದು ನಕ್ಕರು. ಬಾಯಲ್ಲಿ ಒಂದೂ ಹಲ್ಲಿಲ್ಲ.

"ಅಜ್ಜೀ, ನಿಮ್ದೆಲ್ಲ ಎಲ್ಲಿ ಬಿಸಾಡಿದ್ರಿ?" ಹಲ್ಲಿನ ಒಡೆಯ ಕೇಳಿದ.

"ಆಗ ನಮ್ದು ಹುಲ್ಲಿನ ಮಾಡು ಮಗಾ, ಅದಕ್ಕೇ ಬಾಳಿಕೆ ಬರ್ಲಿಲ್ಲ."

ಹಿಂತಿರುಗಿದಾಗ ಡಾಕ್ಟರಮ್ಮ ಗಾಡಿಯ ಬಾಗಿಲಿಗೆ ಅಡ್ಡ ನಿಂತಿದ್ದರು. "ಮುಂದಿನ ವಾರ ಹಳದೀಪುರಕ್ಕೆ ಮೇಲಿನ ಸಾಹೇಬರು ಬರ್ತಾರೆ. ಅಲ್ಲಿ ನೀವು ಒಂದೇ ಒಂದು ಮಾತಾಡಿದರೂ ಮರುದಿನದಿಂದ ಈ ಗಾಡಿ ಹತ್ತೋದು ಬೇಡ."

ಸಾಹೇಬರ ಮುಂದೆ

ಹಳದೀಪುರದ ಶಾಲೆಯಲ್ಲಿ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತರು. ನಾನು ದವಡೆ ಹಿಡಿದು ಕಂಬದ ಹಾಗೆ ನಿಂತೆ. ಡಾಕ್ಟರಮ್ಮ ಸೀಟಿನ ಕೆಳಗಿನ ಚಿತ್ರ ಹುಡುಕಿ ತಂದಿದ್ದರು. ಬಿಚ್ಚಿ ಹಿಡಿದದ್ದೇ, ಮಕ್ಕಳೆಲ್ಲ ಬಾಯಿಗೆ ಕೈ.

"ಏನಿದು? ಒಬ್ಬರೂ ಬಾಯಿ ತೆರೀತಿಲ್ಲವಲ್ಲ?" ಅಂದರು ಸಾಹೇಬರು.

ಮಾತಾಡಬಾರದು ಅಂದಿದ್ದರು ತಾನೆ? ಸರಿ, ಮಾತಾಡಲಿಲ್ಲ. ದವಡೆ ಕೆಳಗಿಟ್ಟು, ನನ್ನ ಕಟ್ಟಿಸಿದ ಹಲ್ಲುಗಳಲ್ಲಿ ಮೇಲಿನ ಸಾಲನ್ನು ಕಳಚಿ, ಅಂಗೈಯಲ್ಲಿಟ್ಟುಕೊಂಡು ಆ ದೊಡ್ಡ ಬ್ರಶ್ಶಿನಿಂದ ತಿಕ್ಕತೊಡಗಿದೆ.

ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು.

ಮುಂದಿದ್ದ ಹುಡುಗಿಯೊಬ್ಬಳು, "ಮೇಡಂ, ನಿಮ್ದೂ ತೆಗೀರಿ" ಅಂದಳು.

"ನಂದು ಬರೋದಿಲ್ಲ ಪುಟ್ಟಿ. ದಿನಾ ತಿಕ್ಕುತ್ತೇನೆ, ಗಟ್ಟಿ ಇದೆ."

"ದಿನಾ ತಿಕ್ಕಿದ್ರೂ ತೆಗುಕೆ ಬರೂದಿಲ್ವಾ? ಹಾಗಾದ್ರೆ ಮಾಮಂದೇ ಚಲೋ. ನಾನಿನ್ನು ತಿಕ್ಕೂದಿಲ್ಲ!"

"ನಾವೂ ತಿಕ್ಕೂದಿಲ್ಲ!" ಅಂತ ಇಡೀ ತರಗತಿ ಕೂಗಿತು. ಡಾಕ್ಟರಮ್ಮನ ಮುಖ ನೋಡಿದೆ. ಗಾಡಿ ಕೈತಪ್ಪಿತು ಅಂತಲೇ ತಿಳಿದೆ.

ಅಷ್ಟರಲ್ಲಿ ಸಾಹೇಬರು ನಗಲು ಶುರುಮಾಡಿದರು. ಹೊಟ್ಟೆ ಹಿಡಿದು ನಕ್ಕರು. ನಗುನಗುತ್ತಾ ಅವರ ಕಟ್ಟಿಸಿದ ಹಲ್ಲಿನ ಕೆಳಗಿನ ಸಾಲು ಜಾರಿ, ಹಾರಿ, ನನ್ನ ಪ್ಲಾಸ್ಟಿಕ್ ದವಡೆಯೊಳಗೇ ಹೋಗಿ ಕೂತಿತು. ಹಾರಿದ್ದು ನಾನು ಸೇರಿಸಿದ್ದು. ನಿಜವಾಗಿ ಬಿದ್ದದ್ದು ಅವರ ಮಡಿಲಿಗೇ.

"ಸಾಹೇಬ್ರ ಹತ್ರಾನೂ ಇದೆ!" ಮಕ್ಕಳ ಚಪ್ಪಾಳೆಯೋ ಚಪ್ಪಾಳೆ. ಆ ಹುಡುಗಿ ಸಾಹೇಬರ ಹತ್ತಿರ ಹೋಗಿ ವಿಚಾರಿಸಿದಳು, "ಇದ್ರಲ್ಲಿ ಚಕ್ಕುಲಿ ತಿನ್ನುಕೆ ಆಗ್ತದಾ?"

ಸಾಹೇಬರ ನಗು ನಿಂತಿತು. "ಇಲ್ಲ ಮಗಾ."

"ಕಬ್ಬು?"

"ಇಲ್ಲ."

"ಮಾವಿನಕಾಯಿ?"

ಸಾಹೇಬರು ಅದಕ್ಕೂ ಇಲ್ಲವೆಂದು ತಲೆಯಾಡಿಸಿದರು.

ಹುಡುಗಿ ಓಡಿಬಂದು ಡಾಕ್ಟರಮ್ಮನ ಮುಂದೆ ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದಳು. "ಬೇಗ ನೋಡಿ ಮೇಡಂ, ನಂದು ಗಟ್ಟಿ ಇದ್ಯಾ?" ಅವಳ ಹಿಂದೆ ನಿಂತ ಮಕ್ಕಳ ಸಾಲು ಬಾಗಿಲು ದಾಟಿತು.

ಸಾಹೇಬರು ಹಲ್ಲು ಹಾಕಿಕೊಂಡು, "ಇವರು ಗಾಡಿಯಲ್ಲೇ ಇರಲಿ" ಅಂತ ಡಾಕ್ಟರಮ್ಮನಿಗೆ ಹೇಳಿದರು. ನನ್ನ ಕಿವಿಯಲ್ಲಿ, "ನನ್ನ ಹಲ್ಲಿನ ಸುದ್ದಿ ಈ ಊರು ದಾಟಬಾರದು" ಅಂದರು. ಡಾಕ್ಟರಮ್ಮ ಆ ಚಿತ್ರವನ್ನು ತಾವೇ ಸುತ್ತಿ ಸೀಟಿನ ಕೆಳಗೆ ತಳ್ಳಿದರು.

ಊರು ದಾಟಬಾರದು ಅಂದರೆ ದಾಟದೆ ಇರುತ್ತದೆಯೇ? ನೋಡಿ, ಹೊನ್ನಾವರದ ಚಹಾದಂಗಡಿಯಲ್ಲಿ ಕೂತು ನಿಮಗೇ ಹೇಳಿಬಿಟ್ಟೆ. ಇನ್ನೊಂದು ಚಹಾ ಹೇಳಿ, ಸಕ್ಕರೆ ಜಾಸ್ತಿ ಇರಲಿ, ಹುಳುಕಾಗಲಿಕ್ಕೆ ನನಗೆಲ್ಲಿ ಹಲ್ಲು? ದುಡ್ಡಿನ ಪಾಕೀಟು ಮನೆಯಲ್ಲೇ ಉಳಿಯಿತು ಅಂತ ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ, ಜೇಬಿನಲ್ಲೇ ಇದೆ. ಆದರೂ ಚಹಾದ ದುಡ್ಡು ನೀವೇ ಕೊಡಿ.