ಮಳೆಮಾಪಕದ ಉಸ್ತುವಾರಿ

ಕೊಡ್ಲಿಪೇಟೆ ಹತ್ತಿರದ ನಮ್ಮೂರ ಪಂಚಾಯಿತಿ ಅಂಗಳದಲ್ಲಿ ಸರ್ಕಾರ ಒಂದು ಸ್ವಯಂಚಾಲಿತ ಮಳೆಮಾಪಕ ನಿಲ್ಲಿಸಿತು. ಬಿದ್ದ ಮಳೆಯನ್ನು ತಾನೇ ಅಳೆದು ತಾನೇ ಕಂಪ್ಯೂಟರಿಗೆ ಕಳಿಸುತ್ತದಂತೆ. ಅತಿಮಳೆಗೆ ಕಾಫಿ ಉದುರಿದವರ ಪರಿಹಾರದ ಪಟ್ಟಿ ಇನ್ನು ಅದನ್ನು ನೋಡಿಯೇ ತಯಾರಾಗುತ್ತದಂತೆ. ಇಂಥ ಘನ ಯೋಜನೆಗೆ ಉಸ್ತುವಾರಿ ಸಮಿತಿ ಬೇಡವೇ? ನಿವೃತ್ತ ಗಣಿತ ಮೇಷ್ಟ್ರೂ ಸಣ್ಣದೊಂದು ಕಾಫಿ ತೋಟದ ಯಜಮಾನನೂ ಆದ ನಾನೇ ಅಧ್ಯಕ್ಷನಾದೆ. ಭಿನ್ನರಾಶಿ ಕಲಿಸಿದವನಿಗೆ ಮಳೆ ಯಾವ ಮಹಾ!

ಮೊದಲ ಜಗಳ ಕೀಲಿಯದು. ಯಂತ್ರದ ಸುತ್ತಲಿನ ತಂತಿಬೇಲಿಯ ಕೀಲಿ ತಮ್ಮ ಬಳಿಯೇ ಇರಬೇಕೆಂದು ಇಲಾಖೆಯವರು. ಸಮಿತಿಯ ಬಳಿ ಎಂದು ನಾನು. "ಕೀಲಿಯಿಲ್ಲದ ಉಸ್ತುವಾರಿ ಉಪ್ಪಿಲ್ಲದ ಊಟ" ಎಂದು ನಾಲ್ಕು ಪುಟ ಬರೆದೆ. ಓದಲಾರದೆ ಕೊಟ್ಟುಬಿಟ್ಟರು. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ.

ಆಮೇಲೆ ಮಳೆ ಹಿಡಿಯಿತು. ಎಂಟು ದಿನ ಬಿಟ್ಟೂಬಿಡದೆ ಸುರಿಯಿತು. ಪಕ್ಕದ ಮನೆಯ ನಂಜಮ್ಮ ಸೆರಗಿನ ತುಂಬ ಕೊಳೆತ ಕಾಫಿಕಾಯಿ ತಂದು ನನ್ನ ಜಗಲಿಯ ಮೇಲೆ ಸುರಿದರು. ಅವರಿಗಿರುವುದು ಎರಡೇ ಎಕರೆ. ಒಬ್ಬಂಟಿ ಹೆಂಗಸಿನ ಸಂಸಾರ ನಡೆಯುವುದು ಅದರಿಂದಲೇ.

"ಮೇಷ್ಟ್ರೇ, ಗಿಡಕ್ಕಿಂತ ನೆಲದಲ್ಲೇ ಕಾಯಿ ಜಾಸ್ತಿ ಬಿದ್ದವೆ. ನಿಮ್ ಕಂಪ್ಯೂಟ್ರು ನೋಡಿದ್ರೆ ನಮ್ಮೂರಿಗೆ ಮಳೇನೇ ಬಂದಿಲ್ಲ ಅಂತದಂತೆ!"

ಸೊನ್ನೆ! ನನಗೆ ಸಿಟ್ಟಿಗಿಂತ ಕುತೂಹಲ. ಇಷ್ಟು ನೀರು ಒಂದು ಯಂತ್ರದ ಕಣ್ಣಿಗೆ ಬೀಳದಿರುವುದು ಹೇಗೆ? ತಂತಿಯ ದೋಷವೇ? ತಂತ್ರಾಂಶದ್ದೇ? ಅಥವಾ ಯಾರದಾದರೂ ಪಿತೂರಿಯೇ? ಪಿತೂರಿಯೇ ಎಂದು ತೀರ್ಮಾನಿಸಿ, "ತಪ್ಪಿತಸ್ಥರನ್ನು ಊರಿನೆದುರು ಪತ್ತೆಹಚ್ಚತಕ್ಕದ್ದು" ಎಂದು ದೂರು ಕಳಿಸಿದೆ.

ಇಲಾಖೆಯ ಎಂಜಿನಿಯರಮ್ಮ ಜೀಪಿನಲ್ಲಿ ಬಂದರು. ಊರಿಗೆ ಊರೇ ಕೊಡೆ ಹಿಡಿದು ಸೇರಿತು. ನಾನು ಗಂಭೀರವಾಗಿ ಬೀಗ ತೆಗೆದೆ. ಅವರು ಒಮ್ಮೆ ಯಂತ್ರವನ್ನು, ಒಮ್ಮೆ ನನ್ನನ್ನು ನೋಡಿದರು.

"ಇದ್ರ ಮೇಲೆ ಟಾರ್ಪಾಲು ಕಟ್ಟಿದ್ದು ಯಾರು ಸಾರ್?"

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸೌದೆಗೆ, ಬೈಕಿಗೆ, ಕೋಳಿಗೂಡಿಗೆ, ಎಲ್ಲಕ್ಕೂ ಟಾರ್ಪಾಲು ಕಟ್ಟುವುದು ರೂಢಿ. ಹಾಗಾಗಿ ಊರಿನ ಒಬ್ಬರಿಗೂ ಅದು ವಿಚಿತ್ರವಾಗಿ ಕಂಡಿರಲಿಲ್ಲ.

"ನಾನೇ!" ಎಂದೆ ಹೆಮ್ಮೆಯಿಂದ. "ಸರ್ಕಾರಿ ಆಸ್ತಿ ನೋಡಿ, ಮಳೇಲಿ ನೆನೀಬಾರ್ದಲ್ಲ!"

ಆಡಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನಂಜಮ್ಮ ಮಾತ್ರ ನಗಲಿಲ್ಲ.

"ಹಂಗಾದ್ರೆ ನನ್ ಕಾಯಿ ಕತೆ ಏನು ಮೇಷ್ಟ್ರೇ?"

ನಿಜಕ್ಕೂ ನಾಚಿಕೆಯಾಯಿತು. ಎಂಜಿನಿಯರಮ್ಮನೇ ದಾರಿ ತೋರಿಸಿದರು: ಅಧ್ಯಕ್ಷರು ತಪ್ಪೊಪ್ಪಿಗೆ ಬರೆದುಕೊಟ್ಟು, ತೋಟ ತೋಟಕ್ಕೂ ಖುದ್ದಾಗಿ ಹೋಗಿ ವರದಿ ಕೊಟ್ಟರೆ ಪಟ್ಟಿಗೆ ಸೇರಿಸಬಹುದು. ಮೂರು ದಿನ ಜಿಗಣೆಗಳಿಗೆ ರಕ್ತದಾನ ಮಾಡುತ್ತ ಅಲೆದೆ. ನಂಜಮ್ಮನ ತೋಟದ್ದನ್ನು ಎಲ್ಲರಿಗಿಂತ ಮೊದಲು ಬರೆದೆ.

ಎರಡೇ ದಿನದಲ್ಲಿ ಪಟ್ಟಿ ಬಂತು. ನಂಜಮ್ಮನ ಹೆಸರಿತ್ತು, ಊರಿನವರೆಲ್ಲರ ಹೆಸರೂ ಇತ್ತು. ನನ್ನದಿರಲಿಲ್ಲ! ಅಧ್ಯಕ್ಷರು ತಮ್ಮ ತೋಟವನ್ನು ತಾವೇ ಪರಿಶೀಲಿಸುವಂತಿಲ್ಲವಂತೆ.

ಹೆಂಡತಿ ಪಾರ್ವತಿ ಪಟ್ಟಿಯನ್ನು ಎರಡು ಸಲ ಓದಿದಳು.

"ಸರ್ಕಾರದ ಪ್ರಕಾರ ಊರಲ್ಲೆಲ್ಲ ಮಳೆ ಬರದೇ ಇರೋದು ನಮ್ ತೋಟಕ್ಕೊಂದೇ ಕಣ್ರೀ. ನಿಮ್ ಒದ್ದೆ ಬಟ್ಟೆ ಮೂರು ದಿನದ್ದೂ ಹಂಗೇ ಅವೆ. ಅಲ್ಲೇ ಹೋಗಿ ಒಣಹಾಕ್ಕೊಂಡು ಬನ್ನಿ."

ನಾನು ಬಟ್ಟೆಯ ಬಕೆಟ್ ಎತ್ತಿಕೊಂಡೆ.