ಅತ್ತೆಯ ದವಡೆ ಮತ್ತು ನನ್ನ ಲೆಕ್ಕ

ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ಲೆಕ್ಕದ ಮೇಡಮ್ಮಾದ ನನಗೆ ನಮ್ಮ ಶಾಲೆಯಲ್ಲಿ ದೊಡ್ಡ ಹೆಸರಿದೆ. ಕಣ್ಣು ಎತ್ತ ಹೋಯಿತು, ಕೈ ಎಲ್ಲಿ ಸವರಿತು, ಕೆಮ್ಮು ನಿಜವಾದದ್ದೋ ಪಕ್ಕದವಳಿಗೆ ಕಳಿಸಿದ್ದೋ, ಎಲ್ಲವೂ ಬಾಗಿಲಲ್ಲಿ ನಿಂತಲ್ಲೇ ನನಗೆ ತಿಳಿಯುತ್ತದೆ. ಹಿಡಿದಾಗಲೆಲ್ಲ ಐದು ನಿಮಿಷ ಉಪದೇಶವನ್ನೂ ಮಾಡುತ್ತೇನೆ. ಇನ್ನೊಬ್ಬರ ತಲೆಯಿಂದ ತೆಗೆದ ಉತ್ತರ ನಿನ್ನದಾಗುವುದಿಲ್ಲ ಮಗಳೇ ಎನ್ನುತ್ತೇನೆ. ಈ ಉಪದೇಶ ನನಗೇ ಬೇಕಾಗಿತ್ತು ಅನ್ನುವುದು ಮೊನ್ನೆ ಹುಣಸೂರಿನ ಒಂದು ಕಲ್ಯಾಣಮಂಟಪದ ಹಿಂದೆ, ಬೇವಿನ ಮರದ ಕೆಳಗೆ, ಕಾಗದದ ಲೋಟದಲ್ಲಿ ಟೀ ಹಿಡಿದು ನಿಂತಿದ್ದಾಗ ಗೊತ್ತಾಯಿತು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು.

ನಮ್ಮ ಅತ್ತೆ ಪುಟ್ಟತಾಯಮ್ಮ ಎನ್. ಬೇಗೂರಿನವರು. ಅವರು ಹರೆಯದಲ್ಲಿದ್ದಾಗ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಲು ಕೇರಳದಿಂದ ಒಂದು ಸಂಸಾರ ಬಂದು ಪಕ್ಕದಲ್ಲೇ ಶೆಡ್ಡು ಹಾಕಿಕೊಂಡಿತ್ತಂತೆ. ಎರಡು ವರ್ಷಕ್ಕೆ ಶುಂಠಿ ಕೊಳೆತು ಹೋಯಿತು, ಸಂಸಾರವೂ ಗಂಟುಮೂಟೆ ಕಟ್ಟಿತು. ಅವರು ಕಲಿಸಿದ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಮಾತ್ರ ಅತ್ತೆಯ ಕೈಯಲ್ಲಿ ಉಳಿಯಿತು. ಇದು ಜೂಜಲ್ಲ, ತಲೆ ಓಡಿಸುವ ಆಟ. ನಾಲ್ಕು ಜನ, ಎದುರುಬದುರು ಕೂತವರು ಜೊತೆ, ಒಬ್ಬೊಬ್ಬರಿಗೆ ಎಂಟು ಕಾರ್ಡು. ಇಲ್ಲಿ ರಾಜ ರಾಣಿಯರಿಗೆ ಮೂರುಕಾಸಿನ ಬೆಲೆಯಿಲ್ಲ. ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನಿಗೆ ಮೂರು ಅಂಕ. ಅವನ ಕೆಳಗೆ ಒಂಬತ್ತು, ಅದಕ್ಕೆ ಎರಡು. ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಎಲ್ಲ ಸೇರಿ ಇಪ್ಪತ್ತೆಂಟು. ಇಷ್ಟು ಅಂಕ ಹೊಡೆಯುತ್ತೇನೆ ಎಂದು ಕೂಗಿದವರು ಅಷ್ಟನ್ನು ಹೊಡೆಯಬೇಕು, ಇಲ್ಲದಿದ್ದರೆ ಸೋತಂತೆ. ನಾನು ಕೆ.ಆರ್. ನಗರದವಳು. ನಮ್ಮಪ್ಪ ಮನೆಯೊಳಗೆ ಇಸ್ಪೀಟು ಕಂಡರೆ ಒಲೆಗೆ ಹಾಕುತ್ತಿದ್ದರು, ಹಾಗಾಗಿ ಮದುವೆಯಾಗಿ ಬರುವವರೆಗೂ ಗುಲಾಮನ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ನಮ್ಮ ಯಜಮಾನರಿಗೆ ಬೀಚನಹಳ್ಳಿ ಅಣೆಕಟ್ಟಿನ ಆಫೀಸಿನಲ್ಲಿ ಕೆಲಸ, ನಾವಿರುವುದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಿನ ಹಲಸಿನ ಮರದ ಕೆಳಗೆ ಚಾಪೆ ಬೀಳುತ್ತದೆ. ಒಂದು ಕಡೆ ನಾನು ಮತ್ತು ಅತ್ತೆ, ಇನ್ನೊಂದು ಕಡೆ ಯಜಮಾನರು ಮತ್ತು ಪಕ್ಕದ ಮನೆಯ ಶಿವನಂಜು. ಈ ಶಿವನಂಜು ಕೆಲಸದಲ್ಲಿ ಗೇಟು ಎತ್ತುವವನು, ಸ್ವಭಾವದಲ್ಲಿ ಮಾತು ಎತ್ತುವವನು. ಸೋತವರು ಒಂದು ಹಲಸಿನ ಎಲೆ ಕಿತ್ತು ಕಿವಿಗೆ ಸಿಕ್ಕಿಸಿಕೊಳ್ಳಬೇಕು, ಮತ್ತೆ ಗೆಲ್ಲುವವರೆಗೂ ತೆಗೆಯುವ ಹಾಗಿಲ್ಲ. ಇದೂ ಶುಂಠಿಯವರು ಬಿಟ್ಟುಹೋದ ಪದ್ಧತಿಯೇ. ಮೊದಲ ವರ್ಷವೆಲ್ಲ ನಾನು ಕಿವಿಗೆ ಎಲೆ ಸಿಕ್ಕಿಸಿಕೊಂಡೇ ಪಾತ್ರೆ ತೊಳೆದಿದ್ದೇನೆ, ಹಾಲಿನವನಿಗೆ ಬಾಗಿಲು ತೆಗೆದಿದ್ದೇನೆ. ಆಮೇಲೆ ನಮ್ಮ ದೆಸೆ ತಿರುಗಿತು. ಅತ್ತೆ ಗುಲಾಮನನ್ನು ಎತ್ತಿ ಚಾಪೆಗೆ ಬಡಿದರೆಂದರೆ ಪಕ್ಕದಲ್ಲಿದ್ದ ನೀರಿನ ಚೊಂಬು ಮಗುಚಿಕೊಳ್ಳುತ್ತಿತ್ತು. ಬಡಿಯದೆ ಮೆತ್ತಗೆ ಇಟ್ಟರೆ ಗೆದ್ದಹಾಗೇ ಆಗುವುದಿಲ್ಲ ಅನ್ನುವುದು ಅವರ ಸಿದ್ಧಾಂತ.

ದೆಸೆ ತಿರುಗಿದ್ದು ಹೇಗೆ ಅನ್ನುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ, ಕೇಳದವರಿಗೂ, "ಎಲ್ಲಾ ಸಂಭವನೀಯತೆ ಕಣ್ರೀ, ಹತ್ತನೇ ಕ್ಲಾಸಿನ ಲೆಕ್ಕ ಅಷ್ಟೇ" ಅನ್ನುತ್ತಿದ್ದೆ. ನಿಜ ಏನೆಂದರೆ ಅತ್ತೆಯ ಬಾಯಲ್ಲಿ ಸದಾ ಎಲೆಅಡಿಕೆ ಇರುತ್ತದೆ. ಎರಡನೇ ವರ್ಷ ಒಂದು ಭಾನುವಾರ ನನಗೆ ಕಂಡುಬಿಟ್ಟಿತು. ಕೈಯಲ್ಲಿ ಗುಲಾಮ ಇದ್ದು, ಅದೇ ಬಣ್ಣದ ಕಾರ್ಡು ಕೆಳಗೆ ಬಿದ್ದರೆ ಅತ್ತೆಯ ದವಡೆ ಟಕ್ಕನೆ ನಿಲ್ಲುತ್ತದೆ. ಗುಲಾಮ ಇಲ್ಲದಿದ್ದರೆ ಅದರ ಪಾಡಿಗೆ ಅಗಿಯುತ್ತಿರುತ್ತದೆ. ಅಂದಿನಿಂದ ನಾನು ಕಾರ್ಡು ನೋಡುವುದನ್ನು ಬಿಟ್ಟು ದವಡೆ ನೋಡತೊಡಗಿದೆ. ಪಾಪ, ಅತ್ತೆಗೆ ಇದು ಗೊತ್ತೇ ಇಲ್ಲ ಅಂತ ಒಳಗೊಳಗೇ ನಗುತ್ತಿದ್ದೆ. ಆದರೂ ಒಂದು ಆಸೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಆರು ವರ್ಷದಲ್ಲಿ ಅಷ್ಟು ಆಟ ಗೆದ್ದರೂ ಅತ್ತೆ ಒಂದು ಸಲವೂ "ಚೆನ್ನಾಗಿ ಆಡ್ದೆ" ಅಂದಿರಲಿಲ್ಲ. ಗೆದ್ದಾಗ "ಹೂಂ" ಅನ್ನುವರು, ಅಷ್ಟೇ. ಆ ಒಂದು ಮಾತು ಕೇಳಬೇಕು ಅಂತ ನನಗೆ ಬಹಳ ಇತ್ತು.

ಹೀಗಿರುವಾಗ ಹುಣಸೂರಿನಲ್ಲಿ ರಾಷ್ಟ್ರಮಟ್ಟದ ಇಪ್ಪತ್ತೆಂಟು ಪಂದ್ಯಾವಳಿ ಅಂತ ಶಿವನಂಜು ಫೋನಿನಲ್ಲಿ ಬಂದ ಚೀಟಿ ತೋರಿಸಿದ. ಅದಕ್ಕೆ ಆಯ್ಕೆಗೀಯ್ಕೆ ಏನೂ ಇರಲಿಲ್ಲ, ಹೆಸರು ಕೊಟ್ಟವರೆಲ್ಲ ರಾಷ್ಟ್ರಮಟ್ಟದವರೇ. ನಾವೂ ಕೊಟ್ಟೆವು. ಆದರೆ ನಾನು ರಜೆ ಚೀಟಿಯಲ್ಲಿ "ರಾಷ್ಟ್ರಮಟ್ಟದ ಬೌದ್ಧಿಕ ಕ್ರೀಡೆ" ಎಂದು ಬರೆದಿದ್ದೇ ತಪ್ಪಾಯಿತು. ಹೆಡ್‌ಮಾಸ್ಟರು ಬೆಳಗಿನ ಪ್ರಾರ್ಥನೆಯಲ್ಲಿ ಅದನ್ನು ಓದಿ ಚಪ್ಪಾಳೆ ಹೊಡೆಸಿಬಿಟ್ಟರು. ಇತ್ತ ಶಿವನಂಜು, "ಅವ್ವಾ, ಹೋಗೋದೇನೋ ಹೋಯ್ತೀರಿ. ಮೊದಲ್ನೇ ಪಂದ್ಯಕ್ಕೇ ಸೋತು ಬಂದ್ರೆ ಬಸ್‌ಸ್ಟಾಪಿಂದ ಕ್ವಾರ್ಟರ್ಸ್ ಗಂಟ ಎರಡು ಕಿವಿಗೂ ಎಲೆ ಮಡೀಕಂಡು ನಡೀಬೇಕು, ಆದದಾ?" ಎಂದು ಕೆಣಕಿದ. ಅತ್ತೆ ಯೋಚನೆಯನ್ನೇ ಮಾಡದೆ "ಆಗದೇನ್ಲಾ, ನನ್ ಸೊಸೇನೂ ನಡೀತಾಳೆ" ಅಂದರು. ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಸಂಜೆ ಹೊತ್ತು ಕೂರುವವರಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳ ಅಪ್ಪಂದಿರು ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಾಯಿಸಿ ಹುಣಸೂರು ಮುಟ್ಟಿದಾಗ ಮಂಟಪದ ತುಂಬ ಜನ. ಊಟದ ಮನೆಯಲ್ಲಿ ಹಸಿರು ಬಟ್ಟೆ ಹಾಸಿದ ಮೇಜುಗಳು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಂದ ಹಿಡಿದು ದೂರದ ಊರುಗಳಲ್ಲಿ ನೆಲೆಸಿದ ಮಲಯಾಳಿಗಳವರೆಗೆ ಎಲ್ಲರೂ ಇದ್ದರು. ನಮ್ಮ ಎದುರಿಗೆ ಬಿದ್ದವರು ಪುಣೆಯಿಂದ ಬಂದ ಅಣ್ಣತಮ್ಮಂದಿರು, ಇಬ್ಬರಿಗೂ ಇಸ್ತ್ರಿ ಮಾಡಿದ ಒಂದೇ ಥರದ ಶರ್ಟು. ಸಣ್ಣ ದನಿಯ ವಯಸ್ಸಾದ ತೀರ್ಪುಗಾರರೊಬ್ಬರು ನಿಯಮ ಓದಿದರು. ಒಟ್ಟು ಹದಿನೈದು ಆಟ, ಏಳಾದ ಮೇಲೆ ಟೀ. ಮಾತಾಡಬಾರದು, ಸನ್ನೆ ಮಾಡಬಾರದು. ಕಾರ್ಡನ್ನು ಮೇಜಿಗೆ ಬಡಿಯಬಾರದು, ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಆ ಆಟವೇ ಎದುರಾಳಿಗೆ. ಕೊನೆಯದಾಗಿ, ಬಾಯಲ್ಲಿ ಏನೂ ಹಾಕಿಕೊಂಡಿರಬಾರದು. ಅತ್ತೆ ಎದ್ದು ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದು ಕೂತರು. ನನಗೆ ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಚೀಟಿ ಮನೆಯಲ್ಲೇ ಬಿಟ್ಟು ಬಂದದ್ದು ನೆನಪಾದವಳ ಹಾಗಾಯಿತು.

ಆ ಏಳು ಆಟಗಳ ಕಥೆಯನ್ನು ಹೆಚ್ಚು ಹೇಳಲಾರೆ. ಅತ್ತೆಯ ಮುಖ ಬೀಗ ಹಾಕಿದ ಅಂಗಡಿಯ ಹಾಗಿತ್ತು. ಅವರ ಹತ್ತಿರ ಗುಲಾಮ ಇದ್ದಾನೆ ಅಂತ ನಂಬಿ ನಾನು ಆಡಿದಾಗಲೆಲ್ಲ ಅವನು ಪುಣೆಯವರ ಕೈಯಿಂದ ಇಳಿಯುತ್ತಿದ್ದ. ಇಲ್ಲವೆಂದು ಹೆದರಿ ಸುಮ್ಮನಿದ್ದಾಗ ಅತ್ತೆಯ ಕೈಯಲ್ಲಿ ಇಬ್ಬಿಬ್ಬರು ಗುಲಾಮರಿರುತ್ತಿದ್ದರು. ಗೆದ್ದ ಎರಡು ಆಟವೂ ಅತ್ತೆಯವೇ. ಅದರಲ್ಲೊಂದರಲ್ಲಿ ಅವರು ಅಭ್ಯಾಸಬಲದಿಂದ ಕಾರ್ಡನ್ನು ಧಡ್ಡನೆ ಬಡಿದು ಎಚ್ಚರಿಕೆಯನ್ನೂ ಪಡೆದರು. "ಮನೇಲಿ ಇಂಗೇ ಕಣಪ್ಪ ಆಡಾದು" ಎಂದು ತೀರ್ಪುಗಾರರಿಗೆ ವಿವರಿಸಲು ಹೋಗಿ, ಮಾತಾಡಬಾರದು ಅಂತ ಅದಕ್ಕೂ ಹೇಳಿಸಿಕೊಂಡರು. ಟೀ ಹೊತ್ತಿಗೆ ನಾವು ಎರಡು, ಅವರು ಐದು.

ಬೇವಿನ ಮರದ ಕೆಳಗೆ ನನಗೆ ತಡೆಯಲಾಗಲಿಲ್ಲ. "ಅತ್ತೆ, ಒಂದು ಮಾತು ಹೇಳ್ತೀನಿ, ಬಯ್ಯಬೇಡಿ. ನನಗೆ ಯಾವ ಲೆಕ್ಕವೂ ಬರಲ್ಲ. ಇಷ್ಟು ವರ್ಷ ನಿಮ್ಮ ದವಡೆ ನೋಡ್ಕೊಂಡು ಆಡ್ತಿದ್ದೆ. ನೀವು ಅಗಿಯೋದು ನಿಲ್ಲಿಸಿದ್ರೆ ಗುಲಾಮ ಇದೆ ಅಂತ" ಅಂದೆ.

ಅತ್ತೆ ಟೀ ಊದಿಕೊಳ್ಳುತ್ತಾ, "ಗೊತ್ತು ಕಣವ್ವ" ಅಂದರು.

"ಗೊತ್ತಿತ್ತಾ?"

"ನಿಂಗೆ ಕಾಣ್ಲಿ ಅಂತ್ಲೇ ತಾನೆ ನಾನು ನಿಲ್ಸ್ತಿದ್ದುದು. ಬಂದ ವರ್ಸ ಪೂರಾ ನೋಡ್ದೆ. ಲೆಕ್ಕದ ಮೇಡಮ್ಮು ಅಂತಾರೆ, ನಾಕು ಗುಲಾಮದಲ್ಲಿ ಎಷ್ಟು ಬಿದ್ದೋ ಎಷ್ಟು ಉಳ್ದೋ ಅನ್ನೋ ಗ್ಯಾನವೇ ಇಲ್ಲ. ವಾರವಾರ ನೀನು ಕಿವಿಗೆ ಎಲೆ ಮಡೀಕಂಡು ಪಾತ್ರೆ ತೊಳೀತಿದ್ದೆ. ನೋಡಾಕಾಗ್ದೆ ಇಂಗೊಂದು ದಾರಿ ಮಾಡ್ದೆ."

ನಾನು ಕಾಪಿ ಹೊಡೆಯುತ್ತಿದ್ದೇನೆ ಅಂದುಕೊಂಡಿದ್ದೆ. ನನಗೆ ಕಾಪಿ ಕೊಡುತ್ತಿದ್ದರು. ಕದಿಯುವುದರಲ್ಲಾದರೂ ಸ್ವಂತ ಸಾಮರ್ಥ್ಯ ಇದೆ ಅಂದುಕೊಂಡಿದ್ದವಳಿಗೆ ಅದೂ ಇಲ್ಲ ಅಂತಾದರೆ ಎಷ್ಟು ಅವಮಾನ ನೋಡಿ. ಕಣ್ಣಲ್ಲಿ ನೀರು ಬಂತು, ಟೀ ಹಬೆ ಅಂತ ಒರೆಸಿಕೊಂಡೆ. ಇಷ್ಟಾದರೂ ಬುದ್ಧಿ ಬರಬೇಕಲ್ಲ, "ಹಾಗಾದ್ರೆ ಈಗ ಒಂದು ಸಲ ಕೆಮ್ಮಿದ್ರೆ ಗುಲಾಮ ಇದೆ ಅಂತ ಇಟ್ಕೊಳ್ಳೋಣ್ವಾ?" ಎಂದು ಪಿಸುಗುಟ್ಟಿದೆ.

"ಥೂ ಬುಡವ್ವ. ಮನೇಲಿ ಮಗನ ಎದುರ್ಗೆ ಮಾಡದು ಬ್ಯಾರೆ. ಊರು ಬುಟ್ಟು ಊರಿಂದ ಬಂದವ್ರ ಎದುರ್ಗೆ ಕಳ್ಳಾಟ ಆಡಾಕಾದದಾ?" ಅಂದರು ಅತ್ತೆ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಪಂಕ್ತೀಲಿ ಬಡಿಸಿಲ್ವ ನೀನು? ಯಾರ್ ಎಲೇಲಿ ಪಲ್ಯ ಮುಗೀತು, ಯಾರು ಪಾಯ್ಸ ಬ್ಯಾಡ ಅಂದ್ರು ಅಂತ ಗ್ಯಾಪ್ಕ ಇರಕಿಲ್ವ? ಅಷ್ಟೇಯ. ಇಲ್ಲಿ ನಾಕೇ ಜನ, ಒಬ್ಬೊಬ್ಬರ್ಗೆ ಎಂಟೇ ತುತ್ತು. ನನ್ ಮಕ ನೋಡ್ಬ್ಯಾಡ, ಎಲ್ಲಾರ ಊಟ ನೋಡು" ಎಂದರು. ಎರಡು ಡಿಗ್ರಿ ಮಾಡಿದ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಲೆಕ್ಕ ಹೇಳಿಕೊಟ್ಟಿರಲಿಲ್ಲ.

ಒಳಗೆ ಹೋಗಿ ಕೂತೆ. ಅಣ್ಣ, ತಮ್ಮ, ಅತ್ತೆ, ನಾನು ಎಲ್ಲರನ್ನೂ ಮನಸ್ಸಿನಲ್ಲೇ ಪಂಕ್ತಿಯಲ್ಲಿ ಕೂರಿಸಿದೆ. ಅಣ್ಣನಿಗೆ ಡೈಮನ್ನು ಖಾಲಿ, ತಮ್ಮ ಇಸ್ಪೀಟಿನ ಎಕ್ಕ ಮುಗಿಸಿದ, ಒಬ್ಬ ಗುಲಾಮ ಬಂದುಹೋದ, ಮೂವರು ಉಳಿದರು. ಮೊದಲೆರಡು ಆಟದಲ್ಲಿ ತಲೆ ಧಿಮ್ಮೆಂದು ಎರಡೂ ಕೈತಪ್ಪಿದವು. ಮೂರನೆಯದರಲ್ಲಿ ಎಲ್ಲ ನಿಚ್ಚಳವಾಗಿ ಕಾಣತೊಡಗಿತು. ಅದೂ ಸೇರಿ ಸಾಲಾಗಿ ಐದು ಆಟ ನಮ್ಮವೇ ಆದವು. ಏಳು, ಏಳು. ಅತ್ತೆಯ ಮುಖವನ್ನು ನಾನು ಒಂದು ಸಲವೂ ನೋಡಲಿಲ್ಲ.

ಹದಿನೈದನೇ ಆಟದಲ್ಲಿ ನಾನು ಇಪ್ಪತ್ತು ಕೂಗಿದೆ. ಎಲ್ಲರ ಕೈಯಲ್ಲೂ ಎರಡೆರಡು ಕಾರ್ಡು ಉಳಿದಾಗ ನಮಗೆ ಹದಿನೈದು ಅಂಕ ಬಂದಿತ್ತು, ಇನ್ನೂ ಐದು ಬೇಕು. ನನ್ನ ಕೈಯಲ್ಲಿದ್ದದ್ದು ಆಟೀನಿನ ಒಂಬತ್ತು ಮತ್ತು ಒಂದು ಬಡಪಾಯಿ ಎಂಟು. ಆಟೀನಿನ ಗುಲಾಮ ಇನ್ನೂ ಬಂದಿರಲಿಲ್ಲ. ಅವನು ಪುಣೆಯವರ ಹತ್ತಿರ ಇದ್ದರೆ ನನ್ನ ಒಂಬತ್ತು ಹೋಯಿತು, ಅದರ ಜೊತೆ ಎಲ್ಲವೂ ಹೋಯಿತು. ಪಂಕ್ತಿ ನೆನಪಿಸಿಕೊಂಡೆ. ಅಣ್ಣ ಆಗಲೇ ಆಟೀನಿಲ್ಲದೆ ಬೇರೆ ಹಾಕಿದ್ದ. ತಮ್ಮನೂ ಹಿಂದಿನ ಸುತ್ತಿನಲ್ಲಿ ಆಟೀನು ಮುಗಿಸಿದ್ದ. ಯಾವ ಬಣ್ಣವನ್ನಾದರೂ ಹೊಡೆಯಬಲ್ಲ ತುರುಪಿನ ಎಂಟು ಕಾರ್ಡೂ ಬಿದ್ದಾಗಿತ್ತು. ಹಾಗಾದರೆ ಗುಲಾಮ ಇರುವುದು ಒಂದೇ ಕಡೆ, ಅವನ ಮೂರಕ್ಕೆ ನನ್ನ ಒಂಬತ್ತರ ಎರಡು ಸೇರಿದರೆ ಐದು. ಒಂಬತ್ತನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ತಮ್ಮ ಏನೋ ಒಂದು ಸಣ್ಣದು ಹಾಕಿದ. ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಆಟೀನಿನ ಗುಲಾಮನನ್ನು ತಲೆಗಿಂತ ಮೇಲಕ್ಕೆ ಎತ್ತಿ, "ಇಗೋ ತಕ್ಕೊಳಿ ನನ್ ಸೊಸೆ ಲೆಕ್ಕವ" ಅನ್ನುತ್ತಾ ಮೇಜಿಗೆ ಬಡಿದರು. ಪಕ್ಕದ ಮೇಜಿನವರ ಕಾರ್ಡು ಕೂಡ ಕೆಳಗೆ ಬಿತ್ತು.

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡು, "ಅಮ್ಮ, ಇದು ಎರಡನೇ ಸಲ" ಎಂದರು. ಅವರಿಗೇ ಬೇಜಾರಾದ ಹಾಗಿತ್ತು. ಆಟ ಪುಣೆಯವರಿಗೆ ಹೋಯಿತು, ಎಂಟಕ್ಕೆ ಏಳು. ಅಣ್ಣತಮ್ಮಂದಿರು ಎದ್ದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅತ್ತೆ ಬಸ್ಸು ಹತ್ತುವವರೆಗೂ ತಮ್ಮ ಬಲಗೈಯನ್ನು ಬೇರೆಯವರದು ಅನ್ನುವ ಹಾಗೆ ನೋಡುತ್ತಿದ್ದರು.

ಬೀಚನಹಳ್ಳಿಯ ಬಸ್‌ಸ್ಟಾಪಿನಲ್ಲಿ ಶಿವನಂಜು ನಾಲ್ಕು ಎಲೆ ಕಿತ್ತುಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಡದ ಹಾಗೆ ಇಟ್ಟುಕೊಂಡು ಕಾಯುತ್ತಿದ್ದ. ಟೀ ಅಂಗಡಿ ತುಂಬಿತ್ತು. ನಾನು ಸೆರಗು ತಲೆಯ ಮೇಲೆ ಹೊದೆಯೋಣ ಅಂದುಕೊಳ್ಳುವಷ್ಟರಲ್ಲಿ ಅತ್ತೆ ಎರಡೂ ಕಿವಿಗೆ ಎಲೆ ಸಿಕ್ಕಿಸಿಕೊಂಡು, ನನ್ನ ಕಿವಿಗೂ ಸಿಕ್ಕಿಸಿ, ಅಂಗಡಿಯ ಮುಂದೆಯೇ ನಿಂತರು. "ಏನವ್ವ, ಮೇಡಮ್ಮೋರ ಲೆಕ್ಕ ತಪ್ಪೋಯ್ತಾ?" ಅಂತ ಶಿವನಂಜು ಕೇಳಿದ. ಅತ್ತೆ ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದರು: "ಇವಳು ಚೆನ್ನಾಗಿ ಆಡುದ್ಲು ಕಣ್ಲಾ. ಕೆಡಿಸಿದ್ದು ನಾನು. ಆ ಒಂಬತ್ತ ಅವಳು ಇಟ್ಟಿದ್ದ ನೋಡಿ ನನ್ ಕೈ ನನ್ ಮಾತು ಕೇಳ್ಲಿಲ್ಲ." ಆರು ವರ್ಷ ಕಾದಿದ್ದ ಮಾತು ಹೀಗೆ ಕಿವಿಗೆ ಬಿತ್ತು, ಹಲಸಿನ ಎಲೆಯ ಸಂದಿಯಿಂದ. ಆ ಎಲೆಗಳನ್ನು ನಾನು ಕ್ವಾರ್ಟರ್ಸಿನ ಗೇಟಿನಲ್ಲಿ ತೆಗೆಯಬಹುದಿತ್ತು. ರಾತ್ರಿ ಅಡುಗೆ ಮುಗಿಯುವವರೆಗೂ ತೆಗೆಯಲಿಲ್ಲ.

ಸೋಮವಾರ ಹೆಡ್‌ಮಾಸ್ಟರು ಕೇಳಿದಾಗ, ಒಂದೇ ಒಂದು ಆಟದಲ್ಲಿ ರಾಷ್ಟ್ರಮಟ್ಟ ತಪ್ಪಿತು ಸಾರ್ ಅಂದೆ. ಅದಕ್ಕೂ ಚಪ್ಪಾಳೆ ಹೊಡೆಸಿದರು. ಈಗ ಭಾನುವಾರದ ಆಟದಲ್ಲಿ ಅತ್ತೆ ಎಲೆಅಡಿಕೆಯನ್ನು ನಿಲ್ಲಿಸದೆ ಅಗಿಯುತ್ತಾರೆ, ಗುಲಾಮ ಇರಲಿ ಬಿಡಲಿ. ಎಣಿಸಿಕೊ ಅಂತ ಅದರ ಅರ್ಥ. ನಾನೂ ಪ್ರಾಮಾಣಿಕವಾಗಿ ಎಣಿಸುತ್ತೇನೆ. ಅಂದಹಾಗೆ, ಗುಲಾಮ ಕೈಗೆ ಬಂದಾಗಲೆಲ್ಲ ನಮ್ಮ ಯಜಮಾನರು ಬನಿಯನ್ನನ್ನು ಕೆಳಕ್ಕೆ ಎಳೆದುಕೊಳ್ಳುತ್ತಾರೆ ಅನ್ನುವುದು ಹೋದ ವಾರ ನನ್ನ ಕಣ್ಣಿಗೆ ಬಿತ್ತು. ಇದನ್ನು ನಾನು ಅತ್ತೆಗೆ ಹೇಳಿಲ್ಲ. ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ, ಹೆತ್ತವರು.