ಮೌಶಿಗೆ ಬಾರದ ಭಾಷೆಗಳು

ನನ್ನ ಮೌಶಿಗೆ, ಅಂದರೆ ಅವ್ವನ ತಂಗಿಗೆ, ಈ ದೇಶದ ಮುಕ್ಕಾಲು ಭಾಷೆಗಳು ಬರುವುದಿಲ್ಲ. ಬಾರದ ಆ ಭಾಷೆಗಳನ್ನು ಕೂತು ಕೇಳುವುದಕ್ಕೆಂದೇ ಪುಣೆಯ ಒಂದು ವಿಶ್ವವಿದ್ಯಾಲಯ ಅವಳಿಗೆ ಸಂಬಳ ಕೊಡುತ್ತದೆ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ.

ಅಲ್ಲಿ ಗ್ರಂಥಾಲಯದ ಪಕ್ಕಕ್ಕೆ ಒಂದು ರೈಟಿಂಗ್ ಸೆಂಟರ್ ಇದೆ. ಇಂಗ್ಲಿಷಿನಲ್ಲಿ ಬರೆಯಲು ತಡವರಿಸುವ ಮಕ್ಕಳು ತಪ್ಪು ತಿದ್ದಿಸಿಕೊಳ್ಳುವ ಆಸೆಯಿಂದ ಹಾಳೆ ಹಿಡಿದು ಬರುತ್ತಾರೆ. ಮೌಶಿ ಆ ಹಾಳೆಯನ್ನು ಮಗುಚಿಟ್ಟು, "ಮೊದಲು ನಿನ್ನ ಮನೆಯ ಭಾಷೆಯಲ್ಲಿ ಹೇಳು" ಎಂದು ಹಿಂದಿಯಲ್ಲಿ ಅಪ್ಪಣೆ ಮಾಡುತ್ತಾಳೆ. ಮಣಿಪುರದ ಹುಡುಗ ಮಣಿಪುರಿಯಲ್ಲಿ ಶುರು ಮಾಡುತ್ತಾನೆ. ಇವಳು ಎಲ್ಲ ತಿಳಿದವಳ ಹಾಗೆ ಗೋಣು ಹಾಕುತ್ತಾಳೆ. ನಡುವೆ ಕೈ ಎತ್ತಿ, "ಇಲ್ಲಿ ದನಿ ಇಳಿಯಿತು. ಇದು ನಿನ್ನ ಮಾತಲ್ಲ" ಎನ್ನುತ್ತಾಳೆ. ಹುಡುಗ ಬೆಪ್ಪಾಗುತ್ತಾನೆ. ಯಾಕೆಂದರೆ ಅದು ಇಂಟರ್‌ನೆಟ್ಟಿನಿಂದ ಎತ್ತಿದ್ದು!

"ಒಂದಕ್ಷರ ತಿಳೀದ ಹೆಂಗ ಹಿಡದಿ ಮೌಶಿ?" ಎಂದು ಕೇಳಿದೆ.

"ಸಣ್ಣಾಕಿ ಇದ್ದಾಗ ನೀ ಸುಳ್ಳ ಹೇಳಿದ್ರ ಹೆಂಗ ಹಿಡೀತಿದ್ದೆ? ಹಂಗ!"

ನನ್ನ ಗಂಡ ಬೆಂಗಳೂರಿನವನು, ಪುಣೆಯ ಹತ್ತಿರ ಚಾಕಣದ ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್. ರಜೆ ಕೇಳಿ ಬರೆದ ಇಂಗ್ಲಿಷ್ ಮೇಲ್ ಸರಿಯಿದೆಯೇ ಎಂದು ಒಮ್ಮೆ ಬಾಯಿ ತಪ್ಪಿ ಅವಳನ್ನು ಕೇಳಿಬಿಟ್ಟ.

"ಅಳಿಯಂದ್ರ, ಮದ್ಲ ಕನ್ನಡದಾಗ ಹೇಳ್ರಿ. ರಜಾ ಯಾಕ ಬೇಕು?"

"ಮನೇಲಿ ಫಂಕ್ಷನ್ ಇದೆ ಆಂಟಿ."

"ದನಿ ಇಳೀತು."

"ಸರಿ ಆಂಟಿ, ಎರಡು ದಿನ ಆ ಮ್ಯಾನೇಜರ್ ಮುಖ ನೋಡ್ಬಾರ್ದು, ಅಷ್ಟೇ!"

"ಭಾಳ ಛಲೋ ಅದ! ಇದನ್ನ ಬರೀರಿ!"

ನಮ್ಮ ಪುಣ್ಯ, ಅವನು ಬರೆಯಲಿಲ್ಲ. ಆಮೇಲೆ ಮೌಶಿ ಬಂದಾಗಲೆಲ್ಲ ಲ್ಯಾಪ್‌ಟಾಪ್ ಮುಚ್ಚಿಡುತ್ತಾನೆ.

ಇಂಥ ಮೌಶಿಗೂ ಬಗ್ಗದವಳೊಬ್ಬಳು ಬಂದಳು. ಕಾಡುಸೀಮೆ ಗಡಚಿರೋಲಿಯ ಹುಡುಗಿ, ಮನೆಮಾತು ಗೋಂಡಿ. ತನ್ನೂರಿನ ಹೆಂಗಸರು ಕಾಡಿನಿಂದ ತರುವ ಸೊಪ್ಪು, ಗೆಡ್ಡೆಗಳ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದಳು. ಗೈಡ್ ಅದನ್ನು ಮತ್ತೆ ಮತ್ತೆ ವಾಪಸು ಮಾಡಿದ್ದರು. ಸೋಮವಾರ ಸಮಿತಿಯ ಮುಂದೆ ಒಪ್ಪಿಸಬೇಕು, ಆಗದಿದ್ದರೆ ಓದಿಗೆ ಶರಣು ಹೊಡೆದು ಊರಿಗೆ ಹೋಗುವುದು ಎಂದು ಬಟ್ಟೆಬರೆ ಕಟ್ಟಿಟ್ಟಿದ್ದಳು. ಗೋಂಡಿಯಲ್ಲಿ ಹೇಳು ಎಂದರೆ ತುಟಿ ಬಿಚ್ಚಲಿಲ್ಲ. ಆ ಭಾಷೆ ಕೇಳಿದರೆ ಹಾಸ್ಟೆಲಿನಲ್ಲಿ ನಗುತ್ತಾರಂತೆ.

ಮೌಶಿ ಬಿಡುವ ಪೈಕಿಯೇ? ರವಿವಾರ ಅವಳನ್ನು ಯೆರವಡಾದ ತನ್ನ ಮನೆಗೇ ಎಳೆದುತಂದಳು. ನಾನೂ ಹೋಗಿದ್ದೆ. ಎದುರಿಗೆ ಕೂರಿಸಿಕೊಂಡು, ರೊಟ್ಟಿ ತಟ್ಟುತ್ತ, ನಮ್ಮ ಕಡೆ ಹೊಲದಲ್ಲಿ ತಾನೇ ಹುಟ್ಟುವ ಹತ್ತರಕಿ ಸೊಪ್ಪಿನ ಬಗ್ಗೆ ಅಚ್ಚ ಕನ್ನಡದಲ್ಲಿ ಭಾಷಣ ಶುರು ಮಾಡಿದಳು!

"ಮೌಶಿ, ಆಕಿಗೆ ಕನ್ನಡ ಎಲ್ಲಿ ತಿಳೀತದ?"

"ನನಗರ ಗೋಂಡಿ ಎಲ್ಲಿ ತಿಳೀತದ? ಇಬ್ಬರೂ ಸಮ ಆದ್ವಿ. ನೀ ಸುಮ್ನ ಕೂಡು."

ನಮ್ಮ ಜಗಳ ನೋಡಿ ಹುಡುಗಿ ನಕ್ಕಳು. ಆಮೇಲೆ ಮೆಲ್ಲಗೆ ಗೋಂಡಿಯಲ್ಲಿ ಬಾಯಿಬಿಟ್ಟಳು. ಬರಬರುತ್ತ ಕೈ ಬೀಸತೊಡಗಿದಳು, ನೆಲದ ಮೇಲೆ ಬೆರಳಿನಿಂದ ಕಾಡಿನ ದಾರಿ ಎಳೆದಳು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದರೂ ಮೌಶಿ ಅಲ್ಲಾಡಲಿಲ್ಲ. ಎಲ್ಲ ಮುಗಿದ ಮೇಲೆ ಬಿಳಿ ಹಾಳೆ ಮುಂದಿಟ್ಟು, "ಇಷ್ಟನ್ನೇ ಬರೆ. ಇಂಗ್ಲಿಷು ಮುರುಕಾಗಿರಲಿ, ಕೂತು ತಿದ್ದೋಣ" ಎಂದಳು. ಇಬ್ಬರೂ ಕೂತು ತಿದ್ದಿದರು.

ಸೋಮವಾರ ಸಮಿತಿಯ ಬಾಗಿಲ ಹೊರಗೆ ಮೌಶಿ, ಅವಳ ಜೊತೆಗೆ ನಾನು. ಸಿಪಾಯಿ "ಬಸಾ ಮ್ಯಾಡಮ್" ಎಂದು ಕುರ್ಚಿ ತಂದರೂ ಅವಳು ಕೂರಲಿಲ್ಲ. ಒಳಗಿನ ಮಾತು ತಿಳಿಯದು, ಹುಡುಗಿಯ ದನಿ ಮಾತ್ರ ಕೇಳುತ್ತಿತ್ತು.

"ಇಳೀವಲ್ದು ನೋಡು," ಎಂದು ಮೌಶಿ ನನ್ನ ಕೈ ಹಿಸುಕಿದಳು.

ಬಾಗಿಲು ತೆರೆಯಿತು. "ಝಾಲಂ ಮ್ಯಾಡಮ್! ಒಪ್ಪಿದರು!" ಎಂದು ಮರಾಠಿಯಲ್ಲಿ ಕೂಗಿದ ಹುಡುಗಿ, ವರಾಂಡದ ನಡುವೆಯೇ ನಿಂತು ಊರಿಗೆ ಫೋನು ಹಚ್ಚಿದಳು. ಹೋಗಿಬರುವವರು ತಿರುಗಿ ನೋಡುತ್ತಿದ್ದರು. ಅವಳು ಗಟ್ಟಿಯಾಗಿ ಗೋಂಡಿಯಲ್ಲಿ ಮಾತಾಡುತ್ತಲೇ ಇದ್ದಳು, ನಗುತ್ತ, ಅಳುತ್ತ.

"ಏನಂತ ಮೌಶಿ?" ಎಂದು ಕೆಣಕಿದೆ.

ಮೌಶಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ವಗ ಹೇಳಲಿಕ್ಕತ್ತಾಳ. ತಡಿ, ಕೇಳೂಣು."

ಆ ಫೋನು ಮುಗಿಯುವವರೆಗೆ ನಾವಿಬ್ಬರೂ ಅಲ್ಲೇ ನಿಂತು ಕೇಳಿದೆವು.